ಕಾಡಿನಲ್ಲಿ ಸಿಕ್ಕ ‘ಮಾರ್ಜ್’: ಒಂದು ಯುದ್ಧವಿಮಾನದ ಅವಶೇಷ ಮತ್ತು ಅದರ ಮೂತಿ ಚಿತ್ರ – ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಮೇ ತಿಂಗಳಲ್ಲಿ ಪಪುವಾ ನ್ಯೂ ಗಿನಿಯ ಕಾಡಿನಲ್ಲಿ ಒಂದು ಹಳೇ ವಿಮಾನದ ಚೂರುಗಳು ಸಿಕ್ಕವು. ಎರಡನೇ ಮಹಾಯುದ್ಧದ ಅಮೆರಿಕದ ಅತಿ ದೊಡ್ಡ ಏಸ್ ರಿಚರ್ಡ್ ಬಾಂಗ್ ಹಾರಿಸುತ್ತಿದ್ದ ‘ಮಾರ್ಜ್’ ಅದು. ಅದರ ಮೂತಿಯ ಮೇಲೆ ಅವರ ಗೆಳತಿ ಮಾರ್ಜ್‌ಳ ಚಿತ್ರ ಇತ್ತು. ಸುದ್ದಿ ಓದಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಆ ಹುಡುಗಿಯ ಚಿತ್ರ ಇನ್ನೂ ಇದೆಯಾ? ಆ ಪ್ರಶ್ನೆಗೆ ಉತ್ತರ ಕೆಳಗಿದೆ. ಅದಕ್ಕೆ ಮೊದಲು ಒಂದೆರಡು ವಿಷಯ ತಿಳಿದುಕೊಂಡರೆ ಒಳ್ಳೆಯದು.

ಏಸ್ ಅಂದರೆ ಯಾರು? ಬಾಂಗ್ ಯಾರು?

ಆಕಾಶದ ಕಾಳಗದಲ್ಲಿ ಶತ್ರುವಿನ ಐದು ಅಥವಾ ಅದಕ್ಕಿಂತ ಜಾಸ್ತಿ ವಿಮಾನ ಉರುಳಿಸಿದ ಪೈಲಟ್‌ಗೆ ಏಸ್ ಅನ್ನುತ್ತಾರೆ. ಬಾಂಗ್ ಹೆಸರಿನಲ್ಲಿ 40 ಇವೆ. ಅಮೆರಿಕದ ಯಾವ ಪೈಲಟ್ಟೂ ಇಂದಿನವರೆಗೆ ಅದನ್ನು ದಾಟಿಲ್ಲ.

ರಿಚರ್ಡ್ ಐರಾ ಬಾಂಗ್ ಹುಟ್ಟಿದ್ದು 1920ರ ಸೆಪ್ಟೆಂಬರ್ 24ರಂದು, ವಿಸ್ಕಾನ್ಸಿನ್ ರಾಜ್ಯದ ಸುಪೀರಿಯರ್‌ನಲ್ಲಿ. ಬೆಳೆದದ್ದು ಪಕ್ಕದ ಪಾಪ್ಲರ್ ಎಂಬ ಸಣ್ಣ ಊರಿನ ಹೊಲಮನೆಯಲ್ಲಿ. ತಂದೆ ಸ್ವೀಡನ್‌ನಿಂದ ವಲಸೆ ಬಂದವರು. ಮನೆ ತುಂಬ ಮಕ್ಕಳು. ಎಲ್ಲರೂ ಅವರನ್ನು ಡಿಕ್ ಎಂದೇ ಕರೆಯುತ್ತಿದ್ದರು. 1941ರಲ್ಲಿ ವಿಮಾನ ತರಬೇತಿಗೆ ಸೇರಿದರು. 1942ರ ಡಿಸೆಂಬರ್ 27ರಂದು ನ್ಯೂ ಗಿನಿಯ ಬುನಾ ಹತ್ತಿರ ಮೊದಲ ಎರಡು ಜಪಾನಿ ವಿಮಾನ ಉರುಳಿಸಿದರು. ಅಲ್ಲಿಂದ ಎರಡೇ ವರ್ಷದಲ್ಲಿ, 1944ರ ಡಿಸೆಂಬರ್ 17ಕ್ಕೆ, ಲೆಕ್ಕ 40 ಮುಟ್ಟಿತು. ಅಮೆರಿಕದ ಅತಿ ದೊಡ್ಡ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಪದಕವನ್ನು ಅವರ ಎದೆಗೆ ಚುಚ್ಚಿದ್ದು ಸ್ವತಃ ಅಲ್ಲಿನ ಸೇನಾ ಮುಖ್ಯಸ್ಥ ಜನರಲ್ ಮೆಕಾರ್ಥರ್.

ತಮಾಷೆ ಏನೆಂದರೆ, ತನ್ನ ಗುರಿ ಅಷ್ಟೇನೂ ಚೆನ್ನಾಗಿಲ್ಲ ಅಂತ ಬಾಂಗ್ ತಾವೇ ಅಂದುಕೊಂಡಿದ್ದರು. ಅದಕ್ಕೇ ಎದುರಾಳಿಯ ಮೈಮೇಲೆ ಬೀಳುವಷ್ಟು ಹತ್ತಿರ ಹೋಗಿ ಗುಂಡು ಹಾರಿಸುತ್ತಿದ್ದರು.

ಮಾರ್ಜ್ ಯಾರು? ಸಿನಿಮಾ ತಾರೆಯಾ?

ಅಲ್ಲ. ಮಾರ್ಜ್ ವಾಟೆಂಡಾಲ್, ಸುಪೀರಿಯರ್‌ನ ಶಿಕ್ಷಕರ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ. ಬಾಂಗ್ ಓದಿದ್ದೂ ಅದೇ ಕಾಲೇಜಿನಲ್ಲಿ. 1943ರ ನವೆಂಬರ್‌ನಲ್ಲಿ ಅವರು ರಜೆಯ ಮೇಲೆ ಊರಿಗೆ ಬಂದಾಗ ಲೆಕ್ಕ ಆಗಲೇ 21 ಆಗಿತ್ತು, ಊರಿಗೆಲ್ಲ ಹೀರೋ. ಕಾಲೇಜಿನ ಒಂದು ಸಮಾರಂಭಕ್ಕೆ ಕರೆದರು. ಅಲ್ಲಿ ಇಬ್ಬರ ಪರಿಚಯವಾಯಿತು. 1944ರ ಆರಂಭದಲ್ಲಿ ಪೆಸಿಫಿಕ್‌ಗೆ ವಾಪಸ್ ಹೊರಟಾಗ ಜೊತೆಯಲ್ಲಿ ಅವಳ ಫೋಟೋ ಇತ್ತು.

ಆ ಚಿತ್ರ ಬಿಡಿಸಿದ ಕಲಾವಿದ ಯಾರು?

ಯಾರೂ ಬಿಡಿಸಲಿಲ್ಲ! ಜಾಸ್ತಿ ಜನ ಎಡವುವುದು ಇಲ್ಲೇ. ಮಾರ್ಜ್ ಚಿತ್ರ ಕುಂಚದಿಂದ ಬಂದದ್ದಲ್ಲ. ಅವಳ ಭಾವಚಿತ್ರವನ್ನು ದೊಡ್ಡದು ಮಾಡಿಸಿ, ಬಣ್ಣ ತುಂಬಿಸಿ, ವಿಮಾನದ ಮೂತಿಯ ಎಡಬದಿಗೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದರು. ಪಕ್ಕದಲ್ಲಿ ‘ಮಾರ್ಜ್’ ಅಂತ ಹೆಸರು. ಜೊತೆಗೆ ಸಾಲಾಗಿ ಪುಟ್ಟ ಪುಟ್ಟ ಜಪಾನಿ ಬಾವುಟಗಳು, ಗೆಲುವಿಗೊಂದರಂತೆ.

ಅಂದರೆ ತಗಡಿನ ಮೇಲೆ ಕಾಗದ, ಕಾಗದದ ಮೇಲೆ ವಾರ್ನಿಷ್. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಾಂಗ್ ಹಾರಿಸುತ್ತಿದ್ದದ್ದು ಪಿ-38 ಎಂಬ ಯುದ್ಧವಿಮಾನ. ಆ ಹೊತ್ತಿಗೆ ಬರುತ್ತಿದ್ದ ಅದರ ಜೆ ಮಾದರಿಗೆ, ಅಂದರೆ ಪಿ-38ಜೆ ವಿಮಾನಗಳಿಗೆ, ಹಸಿರು ಬಣ್ಣ ಬಳಿಯುವುದನ್ನು ಬಿಟ್ಟಿದ್ದರು. ಮೈಯೆಲ್ಲ ಬರೀ ಅಲ್ಯುಮಿನಿಯಂ, ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಆ ಮುಖ ಎದ್ದು ಕಾಣುತ್ತಿತ್ತು. ಕಾಕ್‌ಪಿಟ್‌ನಲ್ಲಿ ಬಾಂಗ್, ಮುಂದೆ ಮೂತಿಯ ಮೇಲೆ ಮಾರ್ಜ್ ಇರುವ ಸೇನೆಯ ಫೋಟೋ ಪತ್ರಿಕೆಗಳಲ್ಲಿ ಬಂತು. ಹುಡುಗಿ ಅಮೆರಿಕಕ್ಕೆಲ್ಲ ಗೊತ್ತಾದಳು.

ಎಲ್ಲರೂ ಹೀಗೆ ಚಿತ್ರ ಹಾಕಿಸುತ್ತಿದ್ದರಾ?

ತುಂಬಾ ಜನ. ಅಮೆರಿಕದ ಸೇನಾ ವಾಯುಪಡೆ ಇದನ್ನು ಕಂಡೂ ಕಾಣದ ಹಾಗೆ ಬಿಟ್ಟಿತ್ತು. ಈಜುಡುಗೆಯ ಹುಡುಗಿಯರು, ಕಾರ್ಟೂನು, ಹೆಂಡತಿ ಹೆಸರು, ಊರಿನ ಹೆಸರು. ನಮ್ಮ ಲಾರಿ ಡ್ರೈವರ್ ಮಗಳ ಹೆಸರನ್ನು ಗಾಜಿನ ಮೇಲೆ ಬರೆಸಿ, ಅದಕ್ಕೊಂದು ದೃಷ್ಟಿಬೊಂಬೆ ಕಟ್ಟುತ್ತಾನಲ್ಲ, ಮನಸ್ಸು ಅದೇ. ನಾಳೆ ಏನಾಗುತ್ತದೋ ಗೊತ್ತಿಲ್ಲದ ದಾರಿಯಲ್ಲಿ ಹೋಗುವವನಿಗೆ ಗಾಡಿ ತನ್ನದು ಅನ್ನಿಸಬೇಕು. ಬಾಂಗ್ ಜೊತೆ ಪೈಪೋಟಿಗಿದ್ದ ಥಾಮಸ್ ಮೆಕ್‌ಗ್ವಾಯರ್, 38 ಗೆಲುವಿನ ಏಸ್, ತನ್ನ ವಿಮಾನಗಳಿಗೆಲ್ಲ ‘ಪಡ್ಜಿ’ ಅಂತ ಹೆಸರಿಟ್ಟಿದ್ದರು. ಅದು ಹೆಂಡತಿಯನ್ನು ಪ್ರೀತಿಯಿಂದ ಕರೆಯುತ್ತಿದ್ದ ಹೆಸರು.

ಆ ಗುಂಪಿನಲ್ಲಿ ಮಾರ್ಜ್ ಬೇರೆಯಾಗಿ ಕಾಣುವುದು ಒಂದು ಕಾರಣಕ್ಕೆ. ಮೈಮಾಟ ತೋರಿಸುವ ಚಿತ್ರ ಅದಲ್ಲ. ಮನೆಯ ಗೋಡೆಗೆ ಹಾಕುವಂಥ ಫೋಟೋ.

ಪಿ-38 ಎಂಥ ವಿಮಾನ?

ಲಾಕ್‌ಹೀಡ್ ಕಂಪನಿಯ ಎರಡು ಇಂಜಿನ್, ಎರಡು ಬಾಲದ ಫೈಟರ್. ಪೈಲಟ್ ಮಾತ್ರ ಒಬ್ಬನೇ, ನಡುವಿನ ಪುಟ್ಟ ಗೂಡಿನಲ್ಲಿ. ಇಂಜಿನ್‌ಗಳು ರೆಕ್ಕೆಯ ಮೇಲೆ ಇದ್ದುದರಿಂದ ಮೂತಿ ಖಾಲಿ. ಅಲ್ಲೇ ನಾಲ್ಕು ಮೆಷಿನ್‌ಗನ್ ಮತ್ತು ಒಂದು 20 ಮಿ.ಮೀ. ಫಿರಂಗಿ ಒತ್ತೊತ್ತಾಗಿ ಕೂರುತ್ತಿದ್ದವು. ಮಾರ್ಜ್ ಮುಖ ಇದ್ದದ್ದು ಸರಿಯಾಗಿ ಆ ಬಂದೂಕುಗಳ ಪಕ್ಕದ ತಗಡಿನ ಮೇಲೆ.

ವಿಮಾನ ಬಿದ್ದಾಗ ಬಾಂಗ್ ಒಳಗಿದ್ದರಾ?

ಇಲ್ಲ. 1944ರ ಮಾರ್ಚ್ 24ರಂದು ಹವಾಮಾನ ನೋಡಿಬರಲು ಅದನ್ನು ತೆಗೆದುಕೊಂಡು ಹೋದವರು ಥಾಮಸ್ ಮಲೋನ್ ಎಂಬ ಇನ್ನೊಬ್ಬ ಪೈಲಟ್. ಪೈಲಟ್‌ಗೊಂದು ವಿಮಾನ ಅಂತ ಹೆಸರಿಗೆ ಇದ್ದರೂ, ಕೆಲಸ ಬಿದ್ದಾಗ ಯಾವುದು ಸಿದ್ಧವಿದೆಯೋ ಅದನ್ನು ಯಾರಾದರೂ ಹಾರಿಸುತ್ತಿದ್ದರು. ದಾರಿಯಲ್ಲಿ ವಿದ್ಯುತ್ ವ್ಯವಸ್ಥೆ ಕೆಟ್ಟು ಇಂಜಿನ್ ಕೈಕೊಟ್ಟಿತು. ಪಿ-38ರ ಪ್ರೊಪೆಲ್ಲರ್ ಅಲಗುಗಳ ಕೋನ ಬದಲಾಗುತ್ತಿದ್ದುದೇ ವಿದ್ಯುತ್ತಿನಿಂದ. ಹಾಗಾಗಿ ಕರೆಂಟ್ ಹೋದರೆ ಬರೀ ದೀಪ ಆರಿ ಸುಮ್ಮನಾಗುವ ವಿಮಾನ ಅಲ್ಲ ಅದು. ಮಲೋನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿಕೊಂಡರು. ವಿಮಾನ ಕಾಡಿನೊಳಗೆ ಹೋಯಿತು. 80 ವರ್ಷ ಯಾರಿಗೂ ಸಿಗಲಿಲ್ಲ.

ಅಂದರೆ ‘ಮಾರ್ಜ್’ ಆಕಾಶದಲ್ಲಿ ಇದ್ದದ್ದು ಕೆಲವೇ ವಾರ. ಹೆಸರು ಮಾತ್ರ ಇಷ್ಟು ವರ್ಷ ಬಂತು.

ಹುಡುಕಿದ್ದು ಯಾರು? ಹೇಗೆ?

ಯುದ್ಧಕಾಲದ ವಿಮಾನಗಳ ಅವಶೇಷ ಹುಡುಕುವ ಪೆಸಿಫಿಕ್ ರೆಕ್ಸ್ ಎಂಬ ಸಂಸ್ಥೆ ಮತ್ತು ಸುಪೀರಿಯರ್‌ನಲ್ಲಿರುವ ರಿಚರ್ಡ್ ಐ. ಬಾಂಗ್ ವೆಟರನ್ಸ್ ಹಿಸ್ಟಾರಿಕಲ್ ಸೆಂಟರ್ ಸೇರಿ ಮಾಡಿದ ಕೆಲಸ ಇದು. ಮುಂದೆ ನಿಂತು ನಡೆಸಿದವರು ಪೆಸಿಫಿಕ್ ರೆಕ್ಸ್‌ನ ಜಸ್ಟಿನ್ ಟೇಲನ್. ಹಳೇ ಕಡತ, ನಕಾಶೆ ನೋಡಿ ಜಾಗ ಅಂದಾಜು ಮಾಡಿಕೊಂಡು ಮಡಾಂಗ್ ಪ್ರಾಂತ್ಯಕ್ಕೆ ಹೋದರು. ಊರವರು ಮೊದಲು ತೋರಿಸಿದ್ದು ಒಂದು ಜಪಾನಿ ಫೈಟರ್‌ನ ಚೂರುಗಳನ್ನು. ಆಮೇಲೆ, ಇನ್ನೂ ಒಳಗೆ ಬೇರೊಂದು ಇದೆ ಅಂದರು. ನಡೆದು ಹೋಗಿ ನೋಡಿದರೆ ಒಂದು ಕೊರಕಲು. ಅದರ ಮೇಲ್ಭಾಗದಲ್ಲಿ ನೆಲದಿಂದ ಎರಡು ಇಂಜಿನ್‌ಗಳ ಹಿಂಭಾಗ ಹೊರಗೆ ಕಾಣುತ್ತಿತ್ತು. ಅದು 2024ರ ಮೇ 15. ಎಂಟು ದಿನದ ನಂತರ ಜಗತ್ತಿಗೆ ಹೇಳಿದರು.

ನನ್ನ ಮಟ್ಟಿಗೆ ಈ ಕತೆಯಲ್ಲಿ ನಿಜವಾದ ಪತ್ತೆದಾರರು ಆ ಊರವರೇ. ನಮಗೆ ಕಳೆದುಹೋಗಿದ್ದ ವಿಮಾನ ಅವರಿಗೆ ಕಳೆದಿರಲೇ ಇಲ್ಲ. ಯಾವ ಮರದ ಹತ್ತಿರ ತಿರುಗಬೇಕು ಅಂತ ಗೊತ್ತಿತ್ತು. ಯಾರ ವಿಮಾನ ಅನ್ನುವುದಷ್ಟೇ ಗೊತ್ತಿರಲಿಲ್ಲ.

ಅದೇ ವಿಮಾನ ಅಂತ ಹೇಗೆ ಖಾತ್ರಿ? ನ್ಯೂ ಗಿನಿಯಲ್ಲಿ ಪಿ-38ಗಳು ಎಷ್ಟೋ ಬಿದ್ದಿವೆಯಲ್ಲ?

ಒಳ್ಳೆಯ ಪ್ರಶ್ನೆ. ಹೌದು, ಬೇಕಾದಷ್ಟು ಬಿದ್ದಿವೆ. ಎರಡು ಇಂಜಿನ್ ಕಂಡ ಕೂಡಲೇ ‘ಸಿಕ್ಕಿತು’ ಅನ್ನುವ ಹಾಗಿಲ್ಲ.

ಪ್ರತಿ ವಿಮಾನಕ್ಕೂ ಒಂದು ಸೀರಿಯಲ್ ನಂಬರ್ ಇರುತ್ತದೆ. ನಮ್ಮ ಗಾಡಿಯ ಚಾಸಿ ನಂಬರ್ ಇದ್ದ ಹಾಗೆ ಅಂದುಕೊಳ್ಳಿ. ಮಾರ್ಜ್‌ನ ನಂಬರ್ 42-103993. ಮೊದಲ 42 ಅಂದರೆ 1942ರ ಹಣಕಾಸು ವರ್ಷದ ಆರ್ಡರ್. ಬಾಲದ ಮೇಲೆ ಬರೆಯುವಾಗ 4ನ್ನು ಬಿಟ್ಟು 2103993 ಅಂತ ಬರೆಯುತ್ತಿದ್ದರು. ಹಳೇ ಫೋಟೋಗಳನ್ನು ನೋಡುವವರು ಇದನ್ನು ತಿಳಿದಿರಬೇಕು, ಇಲ್ಲದಿದ್ದರೆ ಬೇರೆ ವಿಮಾನ ಅಂತ ಗೊಂದಲ ಆಗುತ್ತದೆ.

ಕಾಡಿನಲ್ಲಿ ಇಡೀ ನಂಬರ್ ಸಿಗಲಿಲ್ಲ. ರೆಕ್ಕೆಯ ತುದಿಯ ಒಂದು ಚೂರಿನ ಮೇಲೆ ‘993’ ಎಂಬ ಮೂರು ಅಂಕಿ ಸಿಕ್ಕವು. ಇನ್ನೊಂದು ತಗಡಿನ ಮೇಲೆ ಒತ್ತಿದ ‘ಮಾಡೆಲ್ ಪಿ-38 ಜೆಕೆ’ ಎಂಬ ಅಕ್ಷರಗಳು, ಅವೂ ಫೋಟೋ ಹಿಗ್ಗಿಸಿ ನೋಡಿದಾಗ ಕಂಡವು. ರೆಕ್ಕೆಯ ತುದಿಯಲ್ಲಿ ಕೆಂಪು ಬಣ್ಣದ ಕಲೆ ಉಳಿದಿತ್ತು. ಬಾಂಗ್ ವಿಮಾನದ ರೆಕ್ಕೆತುದಿಗಳು ಕೆಂಪಾಗಿದ್ದವು. ಜಾಗ ಮಲೋನ್ ಬಿದ್ದ ಕಡೆಗೆ ಹೊಂದುತ್ತದೆ.

ಒಂದೊಂದನ್ನೇ ತೆಗೆದುಕೊಂಡರೆ ಯಾವುದೂ ಸಾಲದು. ಮೂರಂಕಿ ಬೇರೆ ವಿಮಾನಕ್ಕೂ ಇರಬಹುದು. ಕೆಂಪು ಬಣ್ಣ ಬೇರೆಯವರೂ ಬಳಿದಿರಬಹುದು. ಆದರೆ ಮಾದರಿ, ಅಂಕಿ, ಬಣ್ಣ, ಜಾಗ ನಾಲ್ಕೂ ಒಂದೇ ವಿಮಾನದ ಕಡೆ ಬೆರಳು ಮಾಡಿದರೆ ಇನ್ನೇನು ಬೇಕು?

ಸರಿ, ಚಿತ್ರ ಸಿಕ್ಕಿತಾ?

ಇಲ್ಲ.

ವಿಮಾನ ಮೂತಿ ಕೆಳಗೆ ಮಾಡಿಕೊಂಡು ನೆಲಕ್ಕೆ ಗುದ್ದಿ ಹೂತುಹೋಗಿದೆ. ಇಂಜಿನ್‌ಗಳ ಹಿಂಭಾಗವೇ ಮಣ್ಣಿನ ಮಟ್ಟದಲ್ಲಿದ್ದರೆ ಅವುಗಳಿಗಿಂತ ಮುಂದಿದ್ದ ಮೂತಿಯ ಗತಿ ಊಹಿಸಿಕೊಳ್ಳಿ. ಅದರ ಮೇಲಿದ್ದದ್ದು ಬಣ್ಣ ಕೂಡ ಅಲ್ಲ, ಕಾಗದ. ಅದರ ಮೇಲೆ ಮಡಾಂಗ್‌ನ 80 ಮಳೆಗಾಲ.

ಇದು ನಿರಾಸೆಯ ಸುದ್ದಿಯಾ? ನನಗಂತೂ ಹಾಗನ್ನಿಸುವುದಿಲ್ಲ. ಎಲ್ಲರೂ ನೋಡಲಿ ಅಂತ ಅಂಟಿಸಿದ್ದು ಮೊದಲು ಹೋಯಿತು. ಯಾರೂ ಗಮನಿಸದ, ತಗಡಿನ ಚೂರಿನ ಮೇಲಿದ್ದ ಮೂರು ಅಂಕಿ ಉಳಿದು, ಗುರುತು ಹೇಳಿತು. ಮುಖ ಬೇಕಾದವರಿಗೆ ಫೋಟೋಗಳಿವೆ. ಆ ‘993’ ಸಿಗದಿದ್ದರೆ ಇದು ಇನ್ನೂ ಹೆಸರಿಲ್ಲದ ಗುಜರಿಯೇ.

ಅಗೆದು ತೆಗೆದು ಅಮೆರಿಕಕ್ಕೆ ಒಯ್ಯಬಹುದಲ್ಲ?

ಸುಮ್ನೆ ಹೊತ್ತುಕೊಂಡು ಹೋಗುವ ಹಾಗಿಲ್ಲ. ಪಪುವಾ ನ್ಯೂ ಗಿನಿಯ ಕಾನೂನಿನ ಪ್ರಕಾರ ಅಲ್ಲಿ ಬಿದ್ದಿರುವ ಯುದ್ಧದ ವಸ್ತುಗಳು ಆ ದೇಶದ ಸ್ವತ್ತು. ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗೆ ಅದರ ಉಸ್ತುವಾರಿ ಇದೆ. ನೆಲದ ಒಡೆತನ ಊರಿನವರದ್ದು, ಅವರ ಒಪ್ಪಿಗೆಯೂ ಬೇಕು.

ಒಂದು ಉದಾಹರಣೆ ಹೇಳುತ್ತೇನೆ. ‘ಸ್ವಾಂಪ್ ಘೋಸ್ಟ್’ ಎಂಬ ಅಡ್ಡಹೆಸರಿನ ಬಿ-17 ಬಾಂಬರ್ 1942ರ ಫೆಬ್ರವರಿಯಲ್ಲಿ ಅಲ್ಲಿನ ಜೌಗಿನಲ್ಲಿ ಇಳಿದು ಹಾಗೇ ಕೂತಿತ್ತು. 2006ರಲ್ಲಿ ಅದನ್ನು ಬಿಚ್ಚಿ ಎತ್ತಿದರು. ದೇಶದ ಸ್ವತ್ತನ್ನು ಹೊರಗೆ ಕಳಿಸಬಹುದಾ ಅಂತ ದೊಡ್ಡ ಗಲಾಟೆಯಾಯಿತು. ಅಮೆರಿಕ ಸೇರಿದ್ದು 2010ರಲ್ಲಿ. ಈಗ ಪರ್ಲ್ ಹಾರ್ಬರ್‌ನ ವಿಮಾನ ಮ್ಯೂಸಿಯಂನಲ್ಲಿದೆ. ಅದು ಇಡಿಯಾಗಿದ್ದ ವಿಮಾನ. ಮಾರ್ಜ್ ಹಾಗಲ್ಲ, ಚೂರುಚೂರು. ಬೇರೆ ಕಡೆ ಒಯ್ದು ಜೋಡಿಸಿದರೆ ಅದರಲ್ಲಿ ಹಳೆಯದೆಷ್ಟು, ಹೊಸದೆಷ್ಟು? ಇದ್ದಲ್ಲೇ ಇರಲಿ ಅನ್ನುವವನು ನಾನು.

ಹಾಗಾದರೆ ಸುಪೀರಿಯರ್‌ನ ಮ್ಯೂಸಿಯಂನಲ್ಲಿ ಮಾರ್ಜ್ ಚಿತ್ರ ಇರುವ ವಿಮಾನ ಇದೆಯಲ್ಲ, ಅದು?

ಅದು ನಿಜವಾದ ಪಿ-38, ಆದರೆ ನಿಜವಾದ ಮಾರ್ಜ್ ಅಲ್ಲ. ಆಮೇಲಿನ ಎಲ್ ಮಾದರಿಯ ವಿಮಾನ. ಬಾಂಗ್ ನೆನಪಿಗಾಗಿ ಪಾಪ್ಲರ್‌ನಲ್ಲಿ ಹತ್ತಾರು ವರ್ಷ ಬಯಲಿನಲ್ಲೇ ನಿಲ್ಲಿಸಿದ್ದರು. ಹಿಮ, ಮಳೆ ಎಲ್ಲ ತಿಂದಿತು. ಆಮೇಲೆ ರಿಪೇರಿ ಮಾಡಿ, ಮಾರ್ಜ್‌ನ ಹಾಗೆ ಬಣ್ಣ, ಚಿತ್ರ ಹಾಕಿ ಒಳಗೆ ತಂದರು. ಮ್ಯೂಸಿಯಂ ತೆರೆದದ್ದು 2002ರ ಸೆಪ್ಟೆಂಬರ್ 24ರಂದು, ಅಂದರೆ ಬಾಂಗ್ ಹುಟ್ಟಿದ ದಿನ.

ಇಂಟರ್ನೆಟ್‌ನಲ್ಲಿ ಬಣ್ಣದ ಫೋಟೋದಲ್ಲಿ ಹೊಸದರ ಹಾಗೆ ಹೊಳೆಯುವ ಮಾರ್ಜ್ ಕಂಡರೆ, ಅದು ಇಂಥ ಮರುರೂಪವೇ. ಮೋಸ ಅಂತಲ್ಲ. ಊರ ಹಬ್ಬಕ್ಕೆ ಮೂಲಮೂರ್ತಿ ಗುಡಿಯಲ್ಲೇ ಉಳಿದು ಉತ್ಸವಮೂರ್ತಿ ಬೀದಿಗೆ ಬರುತ್ತದಲ್ಲ, ಹಾಗೆ. ಯಾವುದು ಯಾವುದು ಅಂತ ಗೊತ್ತಿದ್ದರೆ ಸಾಕು.

ಬಾಂಗ್ ಕೈಯಾರೆ ಹಾರಿಸಿದ ವಿಮಾನ ಎಲ್ಲಾದರೂ ಇಡಿಯಾಗಿ ಉಳಿದಿದೆಯಾ?

ಇದೆ! ಇದು ಬಹಳ ಜನಕ್ಕೆ ಗೊತ್ತಿಲ್ಲ. ವಾಷಿಂಗ್ಟನ್ ಹತ್ತಿರ, ವರ್ಜೀನಿಯಾದ ಉದ್ವಾರ್-ಹೇಜಿ ಸೆಂಟರ್‌ನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಒಂದು ಪಿ-38ಜೆ ಇದೆ. 1945ರ ಏಪ್ರಿಲ್‌ನಲ್ಲಿ ಬಾಂಗ್ ರೈಟ್ ಫೀಲ್ಡ್‌ನಲ್ಲಿ ಅದನ್ನು ಹಾರಿಸಿದರು. ಇಂಜಿನ್‌ನ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಹಿಡಿಕೆ ಮತ್ತು ಪ್ರೊಪೆಲ್ಲರ್‌ನ ಹಿಡಿಕೆಯನ್ನು ಒಂದಕ್ಕೊಂದು ಜೋಡಿಸಿದರೆ ಹೇಗೆ ಎಂಬ ಪ್ರಯೋಗ. ಅದು ಮುಗಿಯುವ ಮೊದಲೇ ಬಲ ಇಂಜಿನ್ ಸಿಡಿಯಿತು. ವಿಮಾನ ಉಳಿಯಿತು, ಬಾಂಗ್ ಕೂಡ.

ಮೂತಿ ಚಿತ್ರ ಇಲ್ಲ, ಯುದ್ಧ ಕಂಡದ್ದೂ ಅಲ್ಲ. ಹಾಗಾಗಿ ಜನ ಸುಮ್ಮನೆ ಮುಂದೆ ಹೋಗುತ್ತಾರೆ. ಆದರೆ ಆ ಸೀಟಿನಲ್ಲಿ ಅವರು ಕೂತಿದ್ದರು.

ಯುದ್ಧ ಮುಗಿದ ಮೇಲೆ ಉಳಿದ ಮೂತಿ ಚಿತ್ರಗಳು ಏನಾದವು?

ಕರಗಿಸಿದರು. ಅಮೆರಿಕದ ವಿಮಾನಗಳನ್ನು ಅರಿಜೋನಾದ ಕಿಂಗ್‌ಮನ್, ಅರ್ಕನ್ಸಾದ ವಾಲ್ನಟ್ ರಿಜ್ ಮುಂತಾದ ಕಡೆ ಸಾಲುಸಾಲಾಗಿ ತಂದು ನಿಲ್ಲಿಸಿ, ಕತ್ತರಿಸಿ, ಕುಲುಮೆಗೆ ಹಾಕಿ ಅಲ್ಯುಮಿನಿಯಂ ಗಟ್ಟಿ ಮಾಡಿ ಮಾರಿದರು. ವಾಲ್ನಟ್ ರಿಜ್‌ನಲ್ಲಿ ಆ ಕೆಲಸದ ಮೇಲ್ವಿಚಾರಕ ಮೈನಾಟ್ ಪ್ರ್ಯಾಟ್‌ಗೆ ಯಾಕೋ ಮನಸ್ಸು ತಡೆಯಲಿಲ್ಲ. ಚೆನ್ನಾಗಿರುವ ಕೆಲವು ಚಿತ್ರಗಳನ್ನು ಕೊಡಲಿಯಲ್ಲಿ ಕಡಿಸಿ ಎತ್ತಿಟ್ಟರು. ಹೆಚ್ಚಿನವು ಬಾಂಬರ್‌ಗಳದ್ದು. ಅವುಗಳಲ್ಲಿ 33 ತಗಡುಗಳು ಈಗ ಟೆಕ್ಸಾಸ್‌ನ ಕಾಮೆಮೊರೇಟಿವ್ ಏರ್‌ಫೋರ್ಸ್ ಎಂಬ ಸಂಸ್ಥೆಯ ಬಳಿ ಇವೆ. ಅಂಚಿನಲ್ಲಿ ಕೊಡಲಿ ಏಟಿನ ಹರಕು ಹಾಗೇ ಇದೆ.

ಗುಜರಿ ಅಂಗಡಿಯವನ ಕಣ್ಣಿಗೆ ಬಿದ್ದ ಒಂದೇ ಕಾರಣಕ್ಕೆ ಉಳಿದ ಚಿತ್ರಗಳು ಅವು.

ಬೇರೆ ಏಸ್‌ಗಳ ವಿಮಾನದ ಚೂರುಗಳು ಎಲ್ಲಿವೆ?

ಎರಡು ಹೇಳುತ್ತೇನೆ. ಮೊದಲನೇ ಮಹಾಯುದ್ಧದಲ್ಲಿ 80 ವಿಮಾನ ಉರುಳಿಸಿದ ‘ರೆಡ್ ಬ್ಯಾರನ್’ ರಿಖ್ತ್‌ಹೋಫನ್ 1918ರ ಏಪ್ರಿಲ್ 21ರಂದು ಫ್ರಾನ್ಸ್‌ನಲ್ಲಿ ಬಿದ್ದಾಗ, ವಿಮಾನ ಬಹುಪಾಲು ಇಡಿಯಾಗಿತ್ತು. ಅದನ್ನು ಮುಗಿಸಿದ್ದು ನೆನಪಿನ ಚೂರು ಬೇಕೆಂದು ಮುಗಿಬಿದ್ದ ಸೈನಿಕರು. ಇಂಜಿನ್ ಲಂಡನ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಸೀಟು ಕೆನಡಾದ ಟೊರೊಂಟೊ ಸೇರಿತು. ಕಂಟ್ರೋಲ್ ಕೋಲು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದೆ. ಒಂದು ವಿಮಾನ, ಮೂರು ಖಂಡ!

ಇನ್ನೊಂದು ಚೂರಲ್ಲ, ಚಿತ್ರ. ಅದನ್ನು ನೀವೂ ನೋಡಿರುತ್ತೀರಿ: ಫೆರಾರಿ ಕಾರಿನ ಕುದುರೆ ಗುರುತು. ಇಟಲಿಯ ಏಸ್ ಫ್ರಾನ್ಸೆಸ್ಕೊ ಬರಾಕಾ, 34 ಗೆಲುವು, ತನ್ನ ವಿಮಾನದ ಪಕ್ಕೆಯ ಮೇಲೆ ಮುಂಗಾಲೆತ್ತಿ ನಿಂತ ಕುದುರೆ ಬರೆಸಿದ್ದರು. 1918ರ ಜೂನ್‌ನಲ್ಲಿ ತೀರಿಕೊಂಡರು. 1923ರಲ್ಲಿ ಅವರ ತಾಯಿ, ಎಂಜೊ ಫೆರಾರಿ ಎಂಬ ಯುವ ಕಾರ್ ರೇಸರ್‌ಗೆ ಆ ಕುದುರೆಯನ್ನು ನಿನ್ನ ಕಾರಿನ ಮೇಲೆ ಹಾಕಿಕೊ, ಅದೃಷ್ಟ ತರುತ್ತದೆ ಅಂದರಂತೆ. ಕುದುರೆಯ ಹಿನ್ನೆಲೆಯ ಹಳದಿ ಬಣ್ಣ ಫೆರಾರಿ ಸೇರಿಸಿದ್ದು. ವಿಮಾನದ ಚಿತ್ರ ಹೀಗೂ ಉಳಿಯಬಹುದು, ಅಲ್ವಾ?

ನಮ್ಮ ಕಡೆಗೂ ಈ ವಿಷಯಕ್ಕೂ ಏನಾದರೂ ನಂಟಿದೆಯಾ?

ಬಾಂಗ್‌ಗೆ ಇಲ್ಲ. ಮೂತಿ ಚಿತ್ರಕ್ಕೆ ಇದೆ, ಸ್ವಲ್ಪ ಸುತ್ತಿ ಬರುತ್ತದೆ.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಯಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು, ಅಂದರೆ ಈಗಿನ ಎಚ್‌ಎಎಲ್, ಅವನ್ನು ಹಾರುವಷ್ಟು ಸರಿಮಾಡಿ, ಬೆಂಗಳೂರಿಗೆ ತಂದು ಪೂರ್ತಿ ದುರಸ್ತಿ ಮಾಡಿದರು. ಭಾರತೀಯ ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು. ಬೇರೆ ದೇಶಗಳು ಕರಗಿಸಿ ಮುಗಿಸಿದ್ದರಿಂದ, ಇಂದು ಜಗತ್ತಿನ ಮ್ಯೂಸಿಯಂಗಳಲ್ಲಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ಭಾರತದಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್‌ನ ವಿಮಾನವೂ ಭಾರತೀಯ ವಾಯುಪಡೆಯದ್ದೇ. ಅದರ ಮೂತಿಯ ಮೇಲೆ ‘ಆಲ್ ಅಮೆರಿಕನ್’, ‘ದ ಡ್ರ್ಯಾಗನ್ ಆಂಡ್ ಹಿಸ್ ಟೇಲ್’, ‘ವಿಚ್‌ಕ್ರಾಫ್ಟ್’ ಅಂತ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವಿಮಾನಗಳ ಹೆಸರು ಬರೆದರು. ಚಿತ್ರ ಅಮೆರಿಕದ್ದು, ಮೈ ನಮ್ಮಲ್ಲಿ ದುಡಿದದ್ದು.

ಬಾಂಗ್ ಮತ್ತು ಮಾರ್ಜ್ ಮದುವೆಯಾದರಾ?

ಆದರು. 1945ರ ಫೆಬ್ರವರಿ 10, ಸುಪೀರಿಯರ್‌ನಲ್ಲಿ. ಇಷ್ಟು ಹೊತ್ತಿಗೆ ಬಾಂಗ್‌ರನ್ನು ಯುದ್ಧದಿಂದ ಮನೆಗೆ ಕಳಿಸಿದ್ದರು, ಇನ್ನು ಅಪಾಯ ಬೇಡ ಅಂತ. ಅವರು ಕ್ಯಾಲಿಫೋರ್ನಿಯಾದಲ್ಲಿ ಹೊಸ ಜೆಟ್ ವಿಮಾನ ಪಿ-80ನ್ನು ಪರೀಕ್ಷಿಸುವ ಕೆಲಸಕ್ಕೆ ಹೋದರು. ಆಗಸ್ಟ್ 6ರಂದು ನೆಲ ಬಿಟ್ಟ ಕೂಡಲೇ ಇಂಧನ ಪಂಪ್ ಕೆಟ್ಟಿತು. ಹೊರಗೆ ಹಾರಿದರು, ಆದರೆ ಎತ್ತರ ಸಾಲಲಿಲ್ಲ. ವಯಸ್ಸು 24. ಮದುವೆಯಾಗಿ ಆರು ತಿಂಗಳೂ ತುಂಬಿರಲಿಲ್ಲ. ಅದೇ ದಿನ ಹಿರೋಷಿಮಾದ ಮೇಲೆ ಬಾಂಬ್ ಬಿತ್ತು. ಮರುದಿನದ ಪತ್ರಿಕೆಗಳಲ್ಲಿ ಎರಡೂ ಸುದ್ದಿ ಒಂದೇ ಪುಟದಲ್ಲಿ ಬಂದವು.

ಆಮೇಲೆ ಮಾರ್ಜ್?

ಮತ್ತೆ ಮದುವೆಯಾದರು, ಹೆಣ್ಣುಮಕ್ಕಳಾದರು. ಲಾಸ್ ಏಂಜಲೀಸ್‌ನಲ್ಲಿ ಪತ್ರಿಕೋದ್ಯಮದಲ್ಲಿ ಕೆಲಸ ಮಾಡಿದರು. ಹಳೆಯದನ್ನು ಎಷ್ಟೋ ವರ್ಷ ಹೊರಗೆ ಮಾತಾಡಲಿಲ್ಲ. 1980ರ ದಶಕದಲ್ಲಿ ಡುಲುತ್ ಮತ್ತು ಸುಪೀರಿಯರ್ ನಡುವಿನ ಸೇತುವೆಗೆ ಬಾಂಗ್ ಹೆಸರಿಟ್ಟಾಗ ಊರಿಗೆ ಬಂದರು. ಆಮೇಲೆ ಮ್ಯೂಸಿಯಂ ಕಟ್ಟುವ ಕೆಲಸಕ್ಕೂ ಕೈಜೋಡಿಸಿದರು. 2003ರಲ್ಲಿ ತೀರಿಕೊಂಡರು. ಮ್ಯೂಸಿಯಂ ಬಾಗಿಲು ತೆರೆದು ಆಗ ಒಂದು ವರ್ಷ. ಒಳಗೆ ಹೊಳೆಯುವ ಪಿ-38, ಅದರ ಮೂತಿಯ ಮೇಲೆ ಕಾಲೇಜು ವಯಸ್ಸಿನ ಅವರದೇ ಮುಖ. ಕಾಡಿನಲ್ಲಿದ್ದದ್ದು ಸಿಗಲು ಇನ್ನೂ 21 ವರ್ಷ ಬೇಕಿತ್ತು.